ಖರಾಬು ಕಾಲಂ

ನನ್ನ ಕೆಲಸ ಜಮೀನು ಅಳೆಯುವುದು. ಲೈಸೆನ್ಸ್ ಪಡೆದ ಸರ್ವೇಯರ್. ಮಧುಗಿರಿ, ಕೊರಟಗೆರೆ ಸುತ್ತಿನ ಹಳ್ಳಿಗಳಲ್ಲಿ ಅಣ್ಣತಮ್ಮಂದಿರ ಪಾಲು, ಕ್ರಯಕ್ಕೆ ಮುಂಚಿನ ಹನ್ನೊಂದು-ಇ ನಕ್ಷೆ, ಬದು ಒತ್ತುವರಿಯ ಜಗಳ, ದಿನಾ ಇವೇ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಈ ಲೆಕ್ಕ ನಿದ್ದೆಗಣ್ಣಲ್ಲೂ ತಪ್ಪುವುದಿಲ್ಲ.

ಅಳತೆ ಮುಗಿದ ಮೇಲೆ ರೈತರು ಕೇಳುವ ಮೊದಲ ಪ್ರಶ್ನೆ ಒಂದೇ. "ಸಾರ್, ಖರಾಬು ಎಷ್ಟು ಹೋಯ್ತು?"

ಪಹಣಿ ನೋಡಿದವರಿಗೆ ಇದು ಗೊತ್ತು. ಒಟ್ಟು ವಿಸ್ತೀರ್ಣದ ಕೆಳಗೆ ಎ ಖರಾಬು, ಬಿ ಖರಾಬು ಅಂತ ಇರುತ್ತದೆ. ಬಂಡೆ, ಕಲ್ಲುಗುಡ್ಡೆ, ಚೌಳು, ಹೀಗೆ ಉಳುಮೆಗೆ ಬಾರದ್ದು ಎ. ದಾರಿ, ಹಳ್ಳ, ಸ್ಮಶಾನ, ಹೀಗೆ ಊರಿಗೆಲ್ಲ ಸೇರಿದ್ದು ಬಿ. ಎರಡನ್ನೂ ಕಳೆದು ಉಳಿದದ್ದಕ್ಕೆ ಮಾತ್ರ ಕಂದಾಯ. ಅಂದರೆ ಅದೊಂದೇ ಲೆಕ್ಕಕ್ಕೆ ಬಂದ ಭೂಮಿ. ವರ್ಷಾನುಗಟ್ಟಲೆ ಆ ಪದ ಬರೆದಿದ್ದೇನೆ. ಅದರ ಬಗ್ಗೆ ಯೋಚನೆ ಮಾಡಿದ್ದು ಮಾತ್ರ ಈ ಸಂಕ್ರಾಂತಿ ಕಳೆದ ವಾರ, ತಮಿಳುನಾಡಿನ ಒಂದು ಮೂಲೆಯಲ್ಲಿ ಮೊಣಕಾಲವರೆಗೆ ಕೆಸರಲ್ಲಿ ಹೂತು ನಿಂತಾಗ. ಆಗ ಬೇರೇನು ಮಾಡಲೂ ಆಗುತ್ತಿರಲಿಲ್ಲ, ಅಲ್ವಾ.

ಅಲ್ಲಿಗೆ ಹೋಗಿದ್ದು ದೇವರ ದಯೆಯಿಂದ. ಹೆಂಡತಿಯ ಮನೆಯವರು ತುಮಕೂರಿನಿಂದ ಟೆಂಪೋ ಟ್ರಾವೆಲರ್ ಮಾಡಿಕೊಂಡು ಕುಂಭಕೋಣಂ ಸುತ್ತ ನವಗ್ರಹ ದೇವಸ್ಥಾನಗಳಿಗೆ ಹೊರಟಿದ್ದರು. ಹದಿನಾಲ್ಕು ಜನ, ಒಂದು ಡಬ್ಬ ರಾಗಿ ನಿಪ್ಪಟ್ಟು, ಎರಡು ಡಬ್ಬ ಪುಳಿಯೋಗರೆ ಗೊಜ್ಜು. ಮೂರನೇ ದಿನ ತಿರುನಳ್ಳಾರಿನಲ್ಲಿ ಶನಿ ದೇವರ ದರ್ಶನ ಆಯಿತು. ಹೆಂಗಸರು ನಾಗಪಟ್ಟಣದ ಲಾಡ್ಜಿನಲ್ಲಿ ಒಂದು ದಿನ ಕಾಲು ಚಾಚುತ್ತೇವೆ ಅಂದರು. ನಾನು ಭಾವಮೈದನನ್ನು ಎಬ್ಬಿಸಿಕೊಂಡು ವೇದಾರಣ್ಯಂ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೂ ಸ್ವಲ್ಪ ದಕ್ಷಿಣಕ್ಕೆ ಹೋದರೆ ಕೋಡಿಕ್ಕರೈ. ಇಂಗ್ಲಿಷಿನಲ್ಲಿ ಪಾಯಿಂಟ್ ಕ್ಯಾಲಿಮಿಯರ್. ಉಪ್ಪು ಜೌಗು, ಕುರುಚಲು ಕಾಡು, ಹಕ್ಕಿಗಳು. 1967ರಲ್ಲಿ ಅಭಯಾರಣ್ಯ ಆಯಿತು. 2002ರಲ್ಲಿ ಸುತ್ತಲಿನ ಜೌಗನ್ನೂ ಸೇರಿಸಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ ಹಾಕಿದರು.

ಭಾವಮೈದ ರೈತ. ಕೊಡಿಗೇನಹಳ್ಳಿ ಹೋಬಳಿ, ಮೈದನಹಳ್ಳಿ ಪಕ್ಕದ ಊರು. ಅವನಿಗೆ ಸಮುದ್ರ ನೋಡುವ ಆಸೆ ಇತ್ತು, ಅಷ್ಟೇ. ಕಾಡಿನಲ್ಲಿ ಏನಿದೆ ಅಂತ ನಾನೂ ಹೇಳಲಿಲ್ಲ. ಹೇಳಿದ್ದರೆ ಅವನು ಬರುತ್ತಿರಲಿಲ್ಲ.

*

ವೇದಾರಣ್ಯಂ ದಾಟುತ್ತಿದ್ದಂತೆ ಉಪ್ಪಿನ ಗದ್ದೆಗಳು ಶುರು. ನಾನು ಅಂದುಕೊಂಡಿದ್ದು ಬೆಳ್ಳನೆಯ ಗುಡ್ಡೆಗಳು. ಜನವರಿಯಲ್ಲಿ ಅವು ಹೆಚ್ಚು ಇರುವುದಿಲ್ಲ. ಹಿಂಗಾರು ಮಳೆ ಆಗಷ್ಟೇ ಮುಗಿದಿರುತ್ತದೆ. ಪಾತಿಗಳೆಲ್ಲ ಕರಗಿ ಕೆಸರಾಗಿರುತ್ತವೆ. ಏಳೆಂಟು ಜನ ಸಾಲಾಗಿ ನಿಂತು ಆ ಕೆಸರನ್ನು ಕಾಲಲ್ಲಿ ತುಳಿಯುತ್ತಿದ್ದರು. ನಮ್ಮ ಕಡೆ ಕಣ ಮಾಡುವಾಗ ಸಗಣಿ ಹಾಕಿ ತುಳಿದು ಗಟ್ಟಿ ಮಾಡುತ್ತೇವಲ್ಲ, ಹಾಗೆ. ತಳ ಗಟ್ಟಿಯಾದರೆ ಉಪ್ಪಿಗೆ ಮಣ್ಣು ಹತ್ತುವುದಿಲ್ಲ.

ಬಸ್ಸು ಒಂದು ಕಡೆ ಐದು ನಿಮಿಷ ನಿಂತಿತು. ಭಾವಮೈದ ಇಳಿದು ಹೋಗಿ ತನ್ನ ತೆಲುಗಿನಲ್ಲಿ ಮಾತಾಡಿಸಿದ. ನಮ್ಮ ಗಡಿ ಕಡೆಯವರಿಗೆ ಇದೊಂದು ಧೈರ್ಯ, ತೆಲುಗು ಎಲ್ಲಿಯಾದರೂ ನಡೆಯುತ್ತದೆ ಅಂತ. ಇಲ್ಲಿ ನಡೆಯಲಿಲ್ಲ. ಆದರೂ ಕೈಸನ್ನೆಯಲ್ಲಿ ವಿಷಯ ತಿಳಿಯಿತು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಆ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಬಿಡುತ್ತಾ, ಬಿಸಿಲು ಗಾಳಿಗೆ ಗಟ್ಟಿ ಮಾಡುತ್ತಾ ಹೋಗಬೇಕು. ಮೊದಲು ಕೂರುವುದು ಉಪ್ಪಲ್ಲ, ಜಿಪ್ಸಂ. ಅದು ಹಿಂದಿನ ಪಾತಿಯಲ್ಲೇ ಉಳಿಯಬೇಕು. ಕೊನೆಯ ಪಾತಿಯಲ್ಲಿ ಉಪ್ಪು ಹರಳುಗಟ್ಟುತ್ತದೆ. ಪೂರ್ತಿ ಒಣಗಲು ಬಿಟ್ಟರೂ ಕೆಟ್ಟಿತು, ಕಹಿ ನೀರು ಸೇರಿಕೊಳ್ಳುತ್ತದೆ. ಬೆಲ್ಲದ ಪಾಕದ ಹದ ನೋಡಿದ ಹಾಗೆ ಇದಕ್ಕೂ ಒಂದು ಹದ.

1930ರ ಏಪ್ರಿಲ್‌ನಲ್ಲಿ ರಾಜಾಜಿ ತಿರುಚ್ಚಿಯಿಂದ ನಡೆದುಕೊಂಡು ಬಂದು ಉಪ್ಪು ಎತ್ತಿದ್ದು ಇದೇ ವೇದಾರಣ್ಯದಲ್ಲಿ. ನಮ್ಮವರಿಗೆ ಉಪ್ಪಿನ ಸತ್ಯಾಗ್ರಹ ಅಂದರೆ ಅಂಕೋಲಾ. ತುಮಕೂರಿಗೆ ಸಮುದ್ರವೇ ಇಲ್ಲ, ಉಪ್ಪಿನ ಕಥೆ ಎಲ್ಲಿಂದ ಬರಬೇಕು ಅಂದುಕೊಂಡೆ. ಆಮೇಲೆ ನೆನಪಾಯಿತು. ತುಮಕೂರಿನ ಉಪ್ಪಾರಹಳ್ಳಿ ಮೇಲ್ಸೇತುವೆ ಮೇಲೆ ಎಷ್ಟು ಸಲ ಓಡಾಡಿಲ್ಲ! ಉಪ್ಪಾರರು ಅಂದರೆ ಉಪ್ಪು ಮಾಡುತ್ತಿದ್ದವರು. ಸಮುದ್ರದಿಂದಲ್ಲ, ಮಣ್ಣಿನಿಂದ. ಚೌಳು ನೆಲದ ಮೇಲಿನ ಬಿಳಿ ಪುಡಿಮಣ್ಣು ಕೆರೆದು, ನೀರಲ್ಲಿ ಕಲಸಿ, ಬಸಿದು, ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ನನ್ನ ಅಜ್ಜಿ ಬಟ್ಟೆ ಒಗೆಯಲು ಚೌಳು ಮಣ್ಣು ತರುತ್ತಿದ್ದಳು. ಆ ಜಾಗವನ್ನೇ ನಾನೀಗ ಎ ಖರಾಬು ಅಂತ ಬರೆಯುವುದು.

*

ಕೋಡಿಕ್ಕರೈ ಅನ್ನುವ ಹೆಸರು ನನಗೆ ಬಹಳ ಹಿಡಿಸಿತು. ತಮಿಳಿನಲ್ಲಿ ಕೋಡಿ ಅಂದರೆ ತುದಿ, ಕೊನೆ. ನಮ್ಮಲ್ಲಿ ಕೋಡಿ ಅಂದರೆ ಕೆರೆ ತುಂಬಿ ನೀರು ಹೊರಗೆ ಬೀಳುವ ಜಾಗ. ಕೆರೆ ಕೋಡಿ ಬಿತ್ತು ಅಂದರೆ ಊರಿಗೆ ಹಬ್ಬ. ಇಲ್ಲಿ ನೆಲವೇ ಕೋಡಿ ಬಿದ್ದ ಹಾಗಿದೆ. ಉತ್ತರದಿಂದ ನೇರ ಇಳಿದು ಬಂದ ಕರಾವಳಿ ಇಲ್ಲಿ ಮೊಣಕೈ ಮಡಚಿದಂತೆ ಪಶ್ಚಿಮಕ್ಕೆ ತಿರುಗುತ್ತದೆ. ಮುಂದೆ ಪಾಕ್ ಜಲಸಂಧಿ, ಅದರಾಚೆ ಶ್ರೀಲಂಕಾ.

ಇದು ಕಾವೇರಿ ಮುಖಜ ಭೂಮಿಯ ದಕ್ಷಿಣದ ತುದಿ. ನಮ್ಮ ದೇವರಾಯನದುರ್ಗದ ಬೆಟ್ಟಗಳನ್ನು ನೆನೆಸಿಕೊಳ್ಳಿ. ಅಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿ ಸೇರುತ್ತದೆ. ನೆಲ್ಲೂರಿನ ಆಚೆ ಸಮುದ್ರ ಅದರ ಕೊನೆ. ಅದೇ ಬೆಟ್ಟದಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು, ಮಾರ್ಕೋನಹಳ್ಳಿ ದಾಟಿ, ಶಿವನಸಮುದ್ರದ ಹತ್ತಿರ ಕಾವೇರಿಗೆ ಬೀಳುತ್ತದೆ. ಒಂದೇ ಬೆಟ್ಟದ ಮಳೆ, ಎರಡು ದಾರಿ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಮುಗಿದ ಮೇಲೆ ಮಣ್ಣೆಲ್ಲ ಬಹುಪಾಲು ಅಲ್ಲೇ ಕೂರುತ್ತಿರಬೇಕು. ಆದರೆ ಅದಕ್ಕೂ ಮುಂಚೆ ಸಾವಿರಾರು ವರ್ಷ ಕಾವೇರಿ ಹೊತ್ತು ತಂದು ಸುರಿದ ಮಣ್ಣೇ ಈ ನಾಡು. ಅದರಲ್ಲಿ ತುಮಕೂರಿನದು ಒಂದು ಬೊಗಸೆಯಾದರೂ ಇರುತ್ತದೆ ಅಂತ ನನ್ನ ಲೆಕ್ಕ. ಇದಕ್ಕೆ ನಕ್ಷೆ ಕೇಳಬೇಡಿ.

ಆ ಬೊಗಸೆಯಲ್ಲೇ ನನ್ನ ಎಡಗಾಲಿನ ಚಪ್ಪಲಿ ಹೋಯಿತು.

ನಮ್ಮ ಜೊತೆ ಬಂದಿದ್ದ ಅರಣ್ಯ ಇಲಾಖೆಯ ವಾಚರ್ ದಾರಿ ಬಿಟ್ಟು ಇಳಿಯಬೇಡಿ ಅಂತ ಮೊದಲೇ ಹೇಳಿದ್ದರು. ಜೌಗಿನ ಮೇಲ್ಮೈ ಒಣಗಿ ಬಿರುಕು ಬಿಟ್ಟು ನಮ್ಮೂರ ಕೆರೆಯಂಗಳದ ಹಾಗೆ ಕಾಣುತ್ತಿತ್ತು. ನನಗೆ ಕೆರೆಯಂಗಳ ಹೊಸದಲ್ಲ. ನಾಲ್ಕು ಹೆಜ್ಜೆ ಇಟ್ಟೆ. ಐದನೆಯದು ಒಳಗೆ ಹೋಯಿತು. ಮೇಲಿನ ಹೊಪ್ಪಳೆ ಎರಡು ಬೆರಳು ದಪ್ಪ. ಅದರ ಕೆಳಗೆ ಕಪ್ಪು ಕೆಸರು, ತಣ್ಣಗೆ, ಕೊಳೆತ ಮೊಟ್ಟೆಯ ವಾಸನೆ. ಎಳೆದಷ್ಟೂ ಹಿಡಿಯುತ್ತದೆ. ವಾಚರ್ ನಗಲಿಲ್ಲ. ಭಾವಮೈದ ನಕ್ಕ, ಫೋಟೋ ತೆಗೆದ, ಮನೆಯವರ ಗ್ರೂಪಿಗೆ ಹಾಕಿದ, ಆಮೇಲೆ ಕೈ ಕೊಟ್ಟ.

ಹಾಗೆ ನಿಂತಾಗಲೇ ಕಣ್ಣ ಮುಂದೆ ಆ ಗಿಡ ಕಂಡಿದ್ದು. ಮೊಣಕಾಲೆತ್ತರವೂ ಇಲ್ಲ. ಎಲೆ ಅಂದರೆ ಎಲೆಯಲ್ಲ, ಉಬ್ಬಿದ ಸಣ್ಣ ಕಾಳುಗಳ ಹಾಗೆ. ಕೆಲವು ಹಸಿರು, ಕೆಲವು ಬೀಟ್ರೂಟ್ ಬಣ್ಣ. ತಮಿಳಿನವರು ಉಮರಿ ಅನ್ನುತ್ತಾರೆ. ಒಂದು ಚಿವುಟಿ ಬಾಯಿಗೆ ಹಾಕಿ ಅಂದರು ವಾಚರ್. ಹಲ್ಲಿಗೆ ಸಿಕ್ಕ ಕೂಡಲೇ ಪಟ್ ಅಂತ ಒಡೆಯಿತು. ಬಾಯಿ ತುಂಬ ಉಪ್ಪುನೀರು, ಕೊನೆಗೆ ಸೊಪ್ಪಿನ ರುಚಿ. ಇದನ್ನು ಪಲ್ಯ ಮಾಡಿ ತಿನ್ನುತ್ತಾರಂತೆ. ಮಾಡಬಹುದು, ನಮ್ಮ ದಂಟು, ಪಾಲಕ್ ಎಲ್ಲ ಇದರ ದಾಯಾದಿಗಳೇ.

ಮಾವಿನಕಾಯಿಗೆ ಉಪ್ಪು ಹಾಕಿದರೆ ಅದು ನೀರು ಬಿಡುತ್ತದಲ್ಲ, ಉಪ್ಪು ಮಣ್ಣಿನಲ್ಲಿ ರಾಗಿ ಪೈರು ಒಣಗುವುದೂ ಅದೇ ಕಾರಣಕ್ಕೆ. ಹೊರಗೆ ಉಪ್ಪು ಜಾಸ್ತಿಯಾದರೆ ಬೇರಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ. ಉಮರಿ ಈ ಜಗಳಕ್ಕೇ ಹೋಗುವುದಿಲ್ಲ. ಉಪ್ಪನ್ನು ಒಳಗೆ ಕರೆದುಕೊಂಡು ಎಲೆಯೊಳಗೆ ತುಂಬಿಡುತ್ತದೆ. ಒಳಗೇ ಉಪ್ಪು ಜಾಸ್ತಿಯಾದ ಮೇಲೆ ನೀರು ತಾನಾಗಿ ಬರುತ್ತದೆ. ಸ್ವಲ್ಪ ಆಚೆ ಕಾಲುವೆಯ ಅಂಚಿನಲ್ಲಿದ್ದ ಕಾಂಡ್ಲಾ ಮರದ್ದು ಇನ್ನೊಂದು ಉಪಾಯ. ಅದು ಕುಡಿದ ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತದೆ. ಎಲೆಯ ಮೇಲೆ ಬೆರಳು ಸವರಿ ನೆಕ್ಕಿದರೆ ಗೊತ್ತಾಗುತ್ತದೆ. ಕೆಸರಲ್ಲಿ ಗಾಳಿ ಇಲ್ಲ ಅಂತ ಬೇರುಗಳನ್ನು ಪೆನ್ಸಿಲ್ ನೆಟ್ಟಂತೆ ಮೇಲಕ್ಕೆ ಕಳಿಸಿ ಉಸಿರಾಡುತ್ತದೆ.

ಇದರ ಗಡಿ ಎಲ್ಲಿ ಅಂತ ವಾಚರನ್ನು ಕೇಳಿದೆ. ವೃತ್ತಿಯ ಚಾಳಿ. ಅವರು ಕೈಯನ್ನು ಸುಮ್ನೆ ಅಡ್ಡಡ್ಡ ಆಡಿಸಿದರು. ಮಳೆಗಾಲದಲ್ಲಿ ಕೆರೆ, ಬೇಸಿಗೆಯಲ್ಲಿ ಬಯಲು. ಸಮುದ್ರದ ಉಬ್ಬರ ಇಲ್ಲಿ ದೊಡ್ಡದಲ್ಲ. ಆದರೆ ನೆಲ ಎಷ್ಟು ಚಪ್ಪಟೆ ಅಂದರೆ, ನೀರು ಒಂದು ಗೇಣು ಏರಿದರೆ ಎಲ್ಲೋ ದೂರದವರೆಗೆ ಹರಡುತ್ತದೆ. ಇದಕ್ಕೆ ಬಾಂದುಕಲ್ಲು ಎಲ್ಲಿ ನೆಡುವುದು? ನೆಟ್ಟರೂ ಅದು ಬೆಳಿಗ್ಗೆ ಒಣನೆಲದಲ್ಲಿ, ಸಂಜೆ ನೀರಿನಲ್ಲಿ.

ದೂರದಲ್ಲಿ ರಾಜಹಂಸಗಳಿದ್ದವು. ಬರಿಗಣ್ಣಿಗೆ ಒಂದು ಗುಲಾಬಿ ಗೆರೆ. ವಾಚರ್ ದುರ್ಬೀನು ಕೊಟ್ಟರು. ತಲೆ ತಲೆಕೆಳಗು ಮಾಡಿ, ಕೊಕ್ಕಿನಲ್ಲಿ ನೀರು ಸೋಸುತ್ತಾ ನಡೆಯುತ್ತಿದ್ದವು. ಚೆನ್ನಾಗಿದ್ದವು. ಎಲ್ಲರೂ ಅವನ್ನು ನೋಡಲೆಂದೇ ಬರುತ್ತಾರೆ. ನನಗೆ ಮಾತ್ರ ಆ ಉಮರಿ ಗಿಡದ ಮೇಲಿಂದ ಮನಸ್ಸು ಎದ್ದಿರಲಿಲ್ಲ.

*

ಕಾಡು ಜೌಗಿನ ಪಕ್ಕದಲ್ಲೇ. ಮರಳು ದಿಬ್ಬಗಳ ಮೇಲೆ ಬೆಳೆದದ್ದು. ಮರಗಳು ಎತ್ತರ ಇಲ್ಲ, ಆದರೆ ದಟ್ಟ. ಒಣ ನಾಡಿನಲ್ಲಿದ್ದೂ ವರ್ಷವಿಡೀ ಹಸಿರಾಗಿರುವ ಜಾತಿ. ಮರಳಲ್ಲಿ ಇಂಗಿದ ಮಳೆನೀರು ಹಗುರ, ಅದು ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತದೆ. ಆ ಸಿಹಿನೀರಿನ ತೆಳು ಪದರದ ಮೇಲೆ ಇವೆಲ್ಲದರ ಜೀವನ. ಭಾವಮೈದನಿಗೆ ಈ ಮಾತು ನಂಬಲು ಕಷ್ಟವಾಯಿತು. ಅವನು ಸಾವಿರ ಅಡಿ ಬೋರ್ ಕೊರೆಸಿ ಮುಕ್ಕಾಲು ಇಂಚು ನೀರು ಕಂಡವನು. ಇಲ್ಲಿ ಆಳಕ್ಕೆ ಹೋದಷ್ಟೂ ಉಪ್ಪು. "ನಮ್ಮ ಪಾವಗಡದ ಕಡೆ ಆಳಕ್ಕೆ ಹೋದಷ್ಟೂ ಫ್ಲೋರೈಡ್, ಇಲ್ಲಿ ಉಪ್ಪು. ಒಟ್ಟಿನಲ್ಲಿ ಕೆಳಗೆ ಹೋಗಬಾರದು ಅಂತ ದೇವರೇ ಬರೆದಿದ್ದಾನೆ" ಅಂದ.

ಕಾಡಿನೊಳಗೆ ರಾಮರ್ ಪಾದಂ ಅಂತ ಒಂದು ಸಣ್ಣ ದಿಬ್ಬ. ರಾಮನ ಹೆಜ್ಜೆ ಗುರುತು ಅಂತ ನಂಬಿಕೆ. ಸುತ್ತಮುತ್ತಲಿಗೆಲ್ಲ ಅದೇ ಎತ್ತರದ ಜಾಗವಂತೆ. ನಮ್ಮ ಮನೆ ಮಹಡಿ ಅದಕ್ಕಿಂತ ಎತ್ತರ ಇರಬಹುದು. ನಮ್ಮ ನಾಮದ ಚಿಲುಮೆಯಲ್ಲೂ ರಾಮ ಬಾಣ ಬಿಟ್ಟು ನೀರು ತೆಗೆದ ಅನ್ನುತ್ತೇವೆ. ಲಂಕೆಗೆ ಹೋಗುವ ದಾರಿಯಲ್ಲಿ ತುಮಕೂರು ಸಿಕ್ಕಿರಬೇಕು.

ಚೋಳರ ಕಾಲದ್ದೆಂದು ಹೇಳುವ ಇಟ್ಟಿಗೆಯ ದೀಪಸ್ತಂಭವೊಂದು ಇಲ್ಲಿತ್ತು. 2004ರ ಸುನಾಮಿಯಲ್ಲಿ ಬಿದ್ದುಹೋಯಿತು. 2018ರ ನವೆಂಬರ್ 16ರಂದು ಗಜ ಚಂಡಮಾರುತ ವೇದಾರಣ್ಯದ ಹತ್ತಿರವೇ ದಡ ಹತ್ತಿತು. ಬಿದ್ದ ಮರಗಳ ಬೊಡ್ಡೆಗಳು ಇನ್ನೂ ಅಲ್ಲಲ್ಲಿ ಇವೆ.

ಮತ್ತೆ ಬಳ್ಳಾರಿ ಜಾಲಿ. ಅದನ್ನು ನೋಡಿ ನಮ್ಮಿಬ್ಬರಿಗೂ ನಗು ಬಂತು. ಅದೇ ಮುಳ್ಳು, ಅದೇ ಹಳದಿ ಕಾಯಿ. ತಮಿಳಿನಲ್ಲಿ ಇದು ಸೀಮೈ ಕರುವೇಲಂ. ಅವರು ಅಪವಾದವನ್ನು ಸೀಮೆಯ ಮೇಲೆ ಹಾಕಿದ್ದಾರೆ, ನಾವು ಪಾಪ ಬಳ್ಳಾರಿಯವರ ಮೇಲೆ. ನಿಜಕ್ಕೂ ಬಂದದ್ದು ಅಮೆರಿಕ ಖಂಡದಿಂದ. ಜಾನುವಾರು ಕಾಯಿ ತಿಂದು ಸಗಣಿ ಹಾಕಿದಲ್ಲೆಲ್ಲ ಮೊಳೆಯುತ್ತದೆ, ಹುಲ್ಲನ್ನು ನುಂಗುತ್ತದೆ. ಇಲ್ಲಿ ಒಡೆಯರಿಲ್ಲದ ಕಾಡುಕುದುರೆಗಳೂ ಇವೆ. ಎಂದೋ ಮನುಷ್ಯರು ಸಾಕಿದ್ದ ಕುದುರೆಗಳ ವಂಶವೇ ಈಗ ಕಾಡುಪಾಲಾಗಿದೆ. ಅವೂ ಕಾಯಿ ತಿನ್ನುತ್ತವೆ, ಬೀಜ ಹರಡುತ್ತವೆ.

ಕಾಡು ಮುಗಿದು ಹುಲ್ಲಿನ ಬಯಲು ತೆರೆದುಕೊಂಡಿತು. ಭಾವಮೈದ ಮುಂದೆ ನಡೆಯುತ್ತಿದ್ದವನು ಗಕ್ಕನೆ ನಿಂತ.

"ಅಯ್ಯೋ ಇವ್ರ ಮನೆ ಕಾಯ... ಇವು ಇಲ್ಲೂ ಬಂದವಾ?"

ಕೃಷ್ಣಮೃಗಗಳು. ಹತ್ತು ಹನ್ನೆರಡು ಹೆಣ್ಣು, ಕಂದು ಬಣ್ಣದವು. ಸ್ವಲ್ಪ ದೂರದಲ್ಲಿ ಒಂದು ಗಂಡು, ಬೆನ್ನು ಮಸಿ ಬಳಿದಂತೆ, ಹೊಟ್ಟೆ ಸುಣ್ಣ ಬಳಿದಂತೆ, ಕೊಂಬು ಹಗ್ಗ ಹೊಸೆದಂತೆ. ಅದು ನಮ್ಮನ್ನು ನೋಡಿತು. ಓಡಲಿಲ್ಲ.

ಮೈದನಹಳ್ಳಿಯಲ್ಲಿ 798 ಎಕರೆ ಹುಲ್ಲುಗಾವಲು ಇದೆ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಣೆ ಆಯಿತು. ಭಾವಮೈದನ ಹೊಲ ಅದಕ್ಕೆ ಹತ್ತಿರ. ಬೆಂಗಳೂರಿನಿಂದ ಕ್ಯಾಮೆರಾ ಹಾಕಿಕೊಂಡು ಬರುವವರಿಗೆ ಅವು ಕೃಷ್ಣಮೃಗ. ಇವನಿಗೆ ಬರೀ ಜಿಂಕೆ, ಕಡ್ಲೆಕಾಯಿ ತಿನ್ನುವ ಜಿಂಕೆ. ಎಳೆ ಗಿಡದ ಕುಡಿ ಚಿವುಟಿದರೆ ಆ ಸಾಲು ಮುಗಿಯಿತು. ರಾತ್ರಿ ಟಾರ್ಚ್ ಹಿಡಿದು ತಗಡು ಬಡಿಯುತ್ತಾ ಕೂರುವುದು ಯಾವ ಫೋಟೋದಲ್ಲೂ ಬರುವುದಿಲ್ಲ. ಅವನ ಸಿಟ್ಟು ಸುಳ್ಳಲ್ಲ. ಜಿಂಕೆ ಉಳಿಯಬೇಕು ಅಂತ ಹೇಳುವ ನಾನು ಒಂದು ರಾತ್ರಿಯೂ ಅಲ್ಲಿ ತಗಡು ಬಡಿದವನಲ್ಲ.

ಆದರೆ ಇಲ್ಲಿ ಅವನಿಗೆ ಹೊಲ ಇರಲಿಲ್ಲ. ಕಾಯಲು ಏನೂ ಇರಲಿಲ್ಲ. ಒಂದು ಬೊಡ್ಡೆಯ ಮೇಲೆ ಕೂತ. ಅರ್ಧ ಗಂಟೆ ಕೂತ. ಜೇಬಿನಿಂದ ನಿಪ್ಪಟ್ಟು ತೆಗೆದು, ಮುರಿದು, ಶಬ್ದ ಆಗದ ಹಾಗೆ ಬಾಯಲ್ಲೇ ನೆನೆಸಿ ತಿಂದ. ಹೆಣ್ಣು ಜಿಂಕೆಯೊಂದು ಕಾರಣವೇ ಇಲ್ಲದೆ ನಿಂತಲ್ಲಿಂದ ಆಳೆತ್ತರ ನೆಗೆಯಿತು. ಹಿಂದೆಯೇ ಇನ್ನೊಂದು. "ಹಿಂಗೆ ಹಾರ್ತವೆ ಅಂತ ಗೊತ್ತೇ ಇರ್ಲಿಲ್ಲ ಭಾವ, ನಾನು ಯಾವಾಗ್ಲೂ ಹಿಂದಿನಿಂದಲೇ ನೋಡಿರೋದು" ಅಂದ.

ವಾಚರ್ ನೆಲದ ಮೇಲೊಂದು ಜಾಗ ತೋರಿಸಿದರು. ಹಿಕ್ಕೆಯ ರಾಶಿ. ತಳದ್ದು ಒಣಗಿ ಬೂದು, ಮೇಲಿನದು ಕಪ್ಪಗೆ ಹೊಳೆಯುತ್ತಿತ್ತು. ಗಂಡು ಜಿಂಕೆ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಾಕುತ್ತದೆ. ಇದು ನನ್ನ ಜಾಗ ಅಂತ ಬೇರೆ ಗಂಡುಗಳಿಗೆ ತಿಳಿಸಲು. ಅಂದರೆ ಬಾಂದುಕಲ್ಲು! ಇಡೀ ದಿನದಲ್ಲಿ ನನಗೆ ಕಂಡ ಒಂದೇ ಒಂದು ಗಡಿ ಗುರುತು.

ಜೌಗಿನ ಹಾಗೆಯೇ ಹುಲ್ಲುಗಾವಲಿಗೂ ಖಾಲಿ ಅಂತ ಹೆಸರು. ಮೈದನಹಳ್ಳಿಯ ಹುಲ್ಲಿನ ನಡುವೆ ನೀಲಗಿರಿ ತೋಪು ಎದ್ದದ್ದೂ ಹೀಗೇ ಇರಬೇಕು, ಸುಮ್ನೆ ಬಿದ್ದಿದೆ, ಮರವಾದರೂ ಇರಲಿ ಅಂತ. ಜಿಂಕೆಗೆ ನೀಲಗಿರಿಯಲ್ಲಿ ಏನು ಕೆಲಸ? ಅದರ ಬದುಕು ಅದರ ಕಣ್ಣು ಮತ್ತು ಕಾಲಿನಲ್ಲಿದೆ. ದೂರ ಕಾಣಬೇಕು, ದೂರ ಓಡಬೇಕು. ಅದಕ್ಕೆ ಬೇಕಾಗಿರುವುದೇ ನಾವು ಖಾಲಿ ಅನ್ನುವ ಜಾಗ.

ಲಾಡ್ಜಿಗೆ ಬಂದಾಗ ರಾತ್ರಿ ಒಂಬತ್ತು. ಒಂಟಿ ಚಪ್ಪಲಿ ನೋಡಿ ಅತ್ತೆ, ಶನಿ ದೇವರ ಊರಿನ ಹತ್ತಿರ ಚಪ್ಪಲಿ ಕಳೆದರೆ ಒಳ್ಳೆಯದು, ಪೀಡೆ ಹೋಯಿತು ಅಂದರು. ಇನ್ನೊಂದನ್ನೂ ಬಿಟ್ಟು ಬರಬೇಕಿತ್ತಂತೆ.

*

ಊರಿಗೆ ಬಂದ ಮೂರನೇ ವಾರ ಕೊಡಿಗೇನಹಳ್ಳಿ ಕಡೆ ಒಂದು ಅಳತೆ ಬಂತು. ಇಬ್ಬರು ಅಣ್ಣತಮ್ಮಂದಿರು, ನಾಲ್ಕು ಎಕರೆ ಚಿಲ್ಲರೆ. ಮೂಲೆಯ ಬಾಂದುಕಲ್ಲು ಸಿಗಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಜಾಲಿ ಪೊದೆಯ ಪಕ್ಕ ಸಿಕ್ಕಿತು, ಅರ್ಧ ಹೂತಿತ್ತು. ಆ ಮೂಲೆಯಲ್ಲಿ ಬೇಸಾಯ ಇಲ್ಲ. ಚೌಳು ಮೇಲೆದ್ದು ನೆಲ ಬೆಳ್ಳಗಾಗಿತ್ತು, ನಡುನಡುವೆ ಹುಲ್ಲು. ಕಲ್ಲಿನಿಂದ ಒಂದು ಮೊಳ ದೂರದಲ್ಲಿ ಹಿಕ್ಕೆಯ ರಾಶಿ. ತಳ ಬೂದು, ಮೇಲೆ ಕಪ್ಪು.

ಯಂತ್ರದ ಟ್ರೈಪಾಡ್ ಊರಿದರೆ ಒಂದು ಕಾಲು ಸರಿಯಾಗಿ ಅದರ ಮೇಲೇ ಬರುತ್ತಿತ್ತು. ಕಾಲನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಊರಿದೆ. ಮಟ್ಟ ಹೊಂದಿಸಲು ಹತ್ತು ನಿಮಿಷ ಜಾಸ್ತಿ ಹಿಡಿಯಿತು. ಯಾಕೆ ಸಾರ್ ಅಂತ ಸಹಾಯಕ ಹುಡುಗ ಕೇಳಿದ. ನೆಲ ಸರಿ ಇಲ್ಲ ಅಂದೆ.

ಅಳತೆ ಮುಗಿಯಿತು. ದೊಡ್ಡವನು ಕೇಳಿದ. "ಖರಾಬು ಎಷ್ಟು ಸಾರ್?"

"18 ಗುಂಟೆ" ಅಂದೆ. ಹಾಗೇ ಬರೆದೆ. ಫಾರಂನಲ್ಲಿ ಬೇರೆ ಕಾಲಂ ಇಲ್ಲ.

ಸಂಜೆ ವಾಪಸ್ ಬರುವಾಗ ಪುರವರದ ಹತ್ತಿರ ಫೋನ್ ಬಂತು. ಭಾವಮೈದ. ಬೋರ್ ನೀರಲ್ಲಿ ಹಾಕಿದ್ದ ಬೇಸಿಗೆ ಕಡ್ಲೆಕಾಯಿ ಆಗಷ್ಟೇ ಚಿಗುರಿತ್ತು.

"ಭಾವ, ರಾತ್ರಿ ಮತ್ತೆ ಬಂದಿದ್ವು. ಎರಡು ಸಾಲು ಹೋಯ್ತು." ಸ್ವಲ್ಪ ಹೊತ್ತು ಸುಮ್ಮನಿದ್ದ. "ಆ ಕರೀದು ಇತ್ತು ನೋಡಿ, ಅದು ಒಳಗೆ ಬರ್ಲಿಲ್ಲ. ಬದುವಿನ ಮೇಲೆ ನಿಂತ್ಕೊಂಡಿತ್ತು."